ಅಂಗಳಕ್ಕೆ ಬಂದ ಆಫ್ರಿಕಾದ ಮನೆ

ಹಾಲೇಶಪ್ಪ ಮಾಸ್ತರ ಮಾಡಿದ ತಪ್ಪು ಒಂದೇ. ಜಾಂಬಿಯಾದ ಮನೆಯ ನಕ್ಷೆಯನ್ನು ಅತ್ತೆಗೆ ತೋರಿಸಿದ್ದು.

ಕೊಟ್ಟೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಅವನಿಗೆ ಆಫ್ರಿಕಾದ ಆ ದೇಶದ ಶಾಲೆಯೊಂದರಲ್ಲಿ ಕೆಲಸ ಸಿಗುವುದಿತ್ತು. ಹಂಪಸಾಗರದ ಗಂಗಪ್ಪ ಎನ್ನುವವನು ಅಲ್ಲಿ ಬಹಳ ವರ್ಷ ಪಾಠ ಹೇಳಿ, ಸಾಕೆನಿಸಿ, ಊರ ಕಡೆ ಬಂದು ನೆಲಸಬೇಕೆಂದಿದ್ದ. ತನ್ನ ಜಾಗಕ್ಕೆ ಹಾಲೇಶಪ್ಪನ ಹೆಸರು ಹೇಳಿದ್ದ. ಶಾಲೆಯವರು ಮನೆ ಕೊಡುತ್ತಿರಲಿಲ್ಲವಾದ್ದರಿಂದ ಇಬ್ಬರೂ ಕಾಗದದಲ್ಲೇ ಮಾತಾಡಿಕೊಂಡರು. ಗಂಗಪ್ಪನ ಅಲ್ಲಿಯ ಮನೆ ಹಾಲೇಶಪ್ಪನಿಗೆ, ಹಾಲೇಶಪ್ಪನ ಕೊಟ್ಟೂರಿನ ಮನೆ ಗಂಗಪ್ಪನಿಗೆ. ಒಬ್ಬರ ಮುಖವನ್ನೊಬ್ಬರು ಕಂಡಿರಲಿಲ್ಲ. ಈಗ ರಜೆಯ ಮೇಲೆ ಹಂಪಸಾಗರಕ್ಕೆ ಬಂದಿದ್ದ ಗಂಗಪ್ಪ, ಶನಿವಾರ ಸಂಜೆಯೊಳಗೆ ಒಪ್ಪಿಗೆಯ ತಂತಿ ಬರದಿದ್ದರೆ ಬೇರೆಯವರಿಗೆ ಮಾತು ಕೊಡುವುದಾಗಿ ಬರೆದಿದ್ದ.

ಇವತ್ತೇ ಶನಿವಾರ. ಕೊಟ್ಟೂರಿನ ಮನೆ ಇದ್ದದ್ದು ಅತ್ತೆ ನಾಗಲಿಂಗಮ್ಮನ ಹೆಸರಿನಲ್ಲಿ.

ನಕ್ಷೆ ನೋಡಿದ ಕೂಡಲೇ ಆಕೆ, ಆಯ ನೋಡಿಸದ ಮನೆಗೆ ಮಗಳನ್ನು ಕಳಿಸುವುದಿಲ್ಲವೆಂದು ಕೂತುಬಿಟ್ಟಳು. ಮನೆಯ ಉದ್ದಗಲ ಅಳೆದು ಒಳಿತು ಕೆಡುಕು ಹೇಳುವುದರಲ್ಲಿ ಹಿರೇಹಡಗಲಿಯ ಏಕಾಂತಪ್ಪ ಹೆಸರುವಾಸಿ. ಅವನಿಗೆ ಆಗಲೇ ಹೇಳಿಕಳಿಸಿಯೂ ಆಗಿತ್ತು.

"ಮನಿ ಸಮುದ್ರದಾಚಿ ಐತಲ್ಲ ಅತ್ತಿ. ಆತ ಹೆಂಗ ಅಳೀತಾನ?" ಎಂದ ಹಾಲೇಶಪ್ಪ, ಗೆದ್ದೆನೆಂದುಕೊಂಡು.

ಬಲಗಡೆಯ ಮನೆಯ ಜಂಬಕ್ಕ ಗೋಡೆಯ ಮೇಲಿಂದ ತಲೆ ಹಾಕಿದಳು. "ಅದಕ್ಯಾಕ ಚಿಂತಿ ಮಾಡ್ತೀಯವ್ವ ನಾಗಲಿಂಗಕ್ಕ? ಅಂಗಳದಾಗ ಹಾಕಿ ತೋರಸ್ತೀನಿ."

ಅವಳು ನಕ್ಷೆ ಕಸಿದುಕೊಂಡು, ರಂಗೋಲಿ ಪುಟ್ಟಿ ಹಿಡಿದು, ಹಗ್ಗದಿಂದ ಅಳೆದು ಆಫ್ರಿಕಾದ ಮನೆಯನ್ನು ಅಂಗಳಕ್ಕೆ ಇಳಿಸತೊಡಗಿದಳು. ಪಡಸಾಲೆ ಮುಗಿಯುವುದರೊಳಗೆ ಇವರ ಅಂಗಳ ಮುಗಿಯಿತು. ಅಡುಗೆಮನೆ ಎಡಗಡೆಯ ಕಡಲೆಕಾಯಿ ವ್ಯಾಪಾರಿ ಕೊಟ್ರಬಸಪ್ಪನ ಅಂಗಳಕ್ಕೆ ಹೋಗಿ ನಿಂತಿತು.

"ನನ್ನ ಅಂಗಳದಾಗ ಬಂತಂದಮ್ಯಾಲ ನನ್ನೂ ಒಂದು ಮಾತು ಕೇಳಬೇಕಲ್ಲಲೇ ಹಾಲೇಶಿ," ಎನ್ನುತ್ತ ಅವನು ಎದ್ದು ಬಂದ. ರಂಗೋಲಿ ಮನೆಯನ್ನು ಎರಡು ಸುತ್ತು ಸುತ್ತಿದ. ಒಂದು ಕೋಣೆ ಅವನಿಗೆ ಹಿಡಿಸಿತು. ತಂಗಿಯ ಮಗನಿಗೆ ಅಲ್ಲೇ ಏನಾದರೂ ಕೆಲಸ ಹಚ್ಚಿಕೊಡಬೇಕೆಂದು ಹೇಳಿ, ಮನೆಯಿಂದ ಮಲಗುವ ಹೊರಸು ತರಿಸಿ ಆ ಕೋಣೆಯಲ್ಲಿ ಹಾಕಿಸಿಯೇಬಿಟ್ಟ. ಅಷ್ಟರಲ್ಲಿ ಅವನ ಎಮ್ಮೆಕರು ಹಗ್ಗ ಹರಿದುಕೊಂಡು ಬಂದು, ಪಡಸಾಲೆಯ ಗೋಡೆ ತೂರಿ, ದೇವರ ಕೋಣೆಯಲ್ಲಿ ನಿಂತು ಸೆಗಣಿ ಹಾಕಿತು. ಶುಭವೋ ಅಶುಭವೋ ಎಂಬ ವಾದದಲ್ಲಿ ಒಂದು ತಾಸು ಹೋಯಿತು.

ಅದು ಮುಗಿಯುವಾಗ ಕೊಟ್ರಬಸಪ್ಪ ಇನ್ನೊಂದನ್ನು ಕಂಡುಹಿಡಿದ. "ಅಲ್ಲಬೇ ನಾಗಲಿಂಗಕ್ಕ, ತಲಬಾಗಲ ತೆಂಕಲಕ್ಕ ಐತಲ್ಲ. ಯಮನ ದಿಕ್ಕು."

ನಾಗಲಿಂಗಮ್ಮ ಎದೆ ಹಿಡಿದುಕೊಂಡಳು. ಹಾಲೇಶಪ್ಪ ಗಡಿಯಾರ ನೋಡಿದ. ತಂತಿ ಆಫೀಸು ಮುಚ್ಚುವ ಹೊತ್ತು ಹತ್ತಿರ ಬರುತ್ತಿತ್ತು.

ಆಗ ಬಂದ ಆತ. ಹಣೆಯಲ್ಲಿ ವಿಭೂತಿ, ಬಗಲಲ್ಲಿ ಕೊಡೆ. ಬಾಗಿಲಿಗೆ ಬಂದವರನ್ನು ನೀರು ಬೆಲ್ಲ ಕೊಡುವ ಮೊದಲು ಯಾರು ಏನೆಂದು ಕೇಳುವುದು ಆ ಮನೆಯ ಪದ್ಧತಿಯಲ್ಲ. ನೀರು ಕುಡಿದು ಆತ, "ನಾನು..." ಎನ್ನುವಷ್ಟರಲ್ಲಿ ಮೂರೂ ಜನ ಅವನನ್ನು ಅಂಗಳಕ್ಕೆ ಎಳೆತಂದು ನಿಲ್ಲಿಸಿದ್ದರು.

ಆತ ರಂಗೋಲಿಯನ್ನೇ ನೋಡುತ್ತ ನಿಂತ. ಮುಖದಲ್ಲಿ ಮೊದಲು ಬೆರಗು, ಆಮೇಲೆ ಸಣ್ಣ ನಗೆ.

"ತಿರುವುಮುರುವು ಹಾಕೀರಿ," ಎಂದ. "ತಲಬಾಗಲ ಬಡಗಲಕ್ಕ ಐತಿ. ಈ ಕಿಟಕಿ ಹೊರಗ ಒಂದು ಮಾವಿನ ಗಿಡ ಐತಿ. ಗಾಳಿ ಬಿಟ್ರ ಅದರ ಟೊಂಗಿ ಕಿಟಕಿಗೆ ಬಡೀತತಿ."

ಹಾಲೇಶಪ್ಪ ನಕ್ಷೆ ಬಿಡಿಸಿ ನೋಡಿದ. ಹೌದು, ಜಂಬಕ್ಕ ಅದನ್ನು ತಲೆಕೆಳಗಾಗಿ ಹಿಡಿದಿದ್ದಳು. ಮಾವಿನ ಗಿಡವಂತೂ ನಕ್ಷೆಯಲ್ಲೇ ಇರಲಿಲ್ಲ. ನಾಗಲಿಂಗಮ್ಮ ಸೆರಗು ಹೊದ್ದು ಕೈ ಮುಗಿದಳು. ಕೊಟ್ರಬಸಪ್ಪ ಹೊರಸಿನಿಂದ ಎದ್ದು ನಿಂತ. ಹಿರೇಹಡಗಲಿಯವನ ಕಣ್ಣಿಗೆ ಸಮುದ್ರವೂ ಅಡ್ಡ ಬರುವುದಿಲ್ಲ ಎಂದು ಎಲ್ಲರಿಗೂ ಮನವರಿಕೆಯಾಯಿತು.

ಹಾಲೇಶಪ್ಪ ಇನ್ನು ತಡೆಯಲಾರದೆ ಆತನನ್ನು ಹಿತ್ತಲಿನ ಬಾವಿಯ ಹತ್ತಿರ ಕರೆದೊಯ್ದ.

"ನಿಮ್ಮ ಕಾಲು ಹಿಡೀತೀನ್ರಿ. ಆ ಮನಿ ಚಲೋ ಐತಿ ಅಂತ ನಮ್ಮ ಅತ್ತಿಗೆ ಹೇಳಿಬಿಡ್ರಿ."

"ಈ ಮನಿಗೇನಾಗೇತ್ರಿ?" ಎಂದ ಆತ, ನಿಧಾನವಾಗಿ.

"ಏನಾಗಿಲ್ಲ ಕೇಳ್ರಿ. ಮಳಿ ಬಂದ್ರ ಅಡಿಗಿಮನ್ಯಾಗ ಕೊಡೆ ಹಿಡಕಂಡು ರೊಟ್ಟಿ ಬಡೀಬೇಕು. ಬ್ಯಾಸಿಗ್ಯಾಗ ಬಾವಿ ನೀರು ಉಪ್ಪು. ಅದನ್ನೆಲ್ಲ ತಡಕೊಬಹುದು. ಎಡಕ್ಕ ಕೊಟ್ರಬಸಪ್ಪ, ಬಲಕ್ಕ ಜಂಬಕ್ಕ. ಇಲ್ಲಿ ಒಗ್ಗರಣಿಗೆ ಸಾಸಿವಿ ಹಾಕಿದ್ರ ಅಲ್ಲಿ ಅವರು ಸೀನ್ತಾರ. ನಾ ಕೆಲಸಕ್ಕ ಹೊಂಟಿಲ್ರಿ, ಇವರ ಕೈಯಾಗಿಂದ ತಪ್ಪಿಸ್ಕೊಂಡು ಹೊಂಟೀನಿ." ದನಿ ಇಳಿಸಿದ. "ಹಂಪಸಾಗರದಾತ ಒಬ್ಬ ಅದಾನ. ಪಾಪ, ಕಣ್ಣು ಮುಚ್ಚಿಗೊಂಡು ಈ ಹಾಳುಬಾವಿಗೆ ಬೀಳಾಕ ತಯಾರಾಗ್ಯಾನ."

ಆತ ಬಹಳ ಹೊತ್ತು ಬಾವಿಯೊಳಗೆ ಇಣುಕಿ ನೋಡಿದ. ನಂತರ ಅಂಗಳಕ್ಕೆ ಬಂದು ನಾಗಲಿಂಗಮ್ಮನ ಮುಂದೆ ನಿಂತು, "ಯವ್ವಾ, ಅಲ್ಲಿ ಮನಿ ಭಾಳ ಚಲೋ ಐತಿ. ಅಂಥಾ ಮನಿ ಯಾರೂ ಬಿಡಬಾರದು," ಎಂದ. ದಕ್ಷಿಣೆ ಮುಟ್ಟಲಿಲ್ಲ. ಕೊಡೆ ತೆಗೆದುಕೊಂಡು ಹೊರಟೇಹೋದ.

ನಾಗಲಿಂಗಮ್ಮ ಒಪ್ಪಿದಳು. ಹಾಲೇಶಪ್ಪ ಓಡಿದ ಓಟಕ್ಕೆ ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಬಾಗಿಲು ಹಾಕುತ್ತಿದ್ದ ತಂತಿ ಆಫೀಸಿನವನನ್ನು ಕಾಡಿ ಬೇಡಿ ಒಪ್ಪಿಗೆಯ ತಂತಿ ಕೊಟ್ಟು, ಮನಸ್ಸಿನಲ್ಲೇ ಮಾವಿನ ಗಿಡದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತವನಂತೆ ತಣ್ಣಗೆ ನಡೆದು ಬಂದ.

ಮನೆಯ ಮುಂದೆ ಧೂಳು ಮುಖದ ಮುದುಕನೊಬ್ಬ ಅಳತೆಯ ಕೋಲು ಹಿಡಿದು ನಿಂತಿದ್ದ.

"ತಡಾತ್ರಿ ಮಾಸ್ತರ್ರ. ಹಾದ್ಯಾಗ ಬಸ್ಸು ಕೆಟ್ಟು ನಿಂತಿತ್ತು. ನಾನು ಏಕಾಂತಪ್ಪ, ಹಿರೇಹಡಗಲಿ."

ಹಾಲೇಶಪ್ಪನಿಗೆ ಮಾವಿನ ಗಿಡ ನೆನಪಾಯಿತು. ಕಿಟಕಿಗೆ ಬಡಿಯುವ ಟೊಂಗೆ ನೆನಪಾಯಿತು. ಅದನ್ನು ದಿನಾ ಕೇಳಿದವನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಉಳಿದ ಚಪ್ಪಲಿಯನ್ನೂ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದ. ಹಂಪಸಾಗರದ ಕಡೆ ಹೋಗುವ ಹಗರಿಬೊಮ್ಮನಹಳ್ಳಿ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಆತ ಕೊಡೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಗಂಗಪ್ಪನವ್ರ..." ಎಂದ ಹಾಲೇಶಪ್ಪ, ಕಿಟಕಿಯ ಸರಳು ಹಿಡಿದು.

"ನಿಮ್ಮ ಉಪಕಾರ ಮರಿಯಂಗಿಲ್ರಿ ಮಾಸ್ತರ್ರ. ತಂತಿ ಬರೋ ಮುಂಚೆ ಒಮ್ಮೆ ಮನಿ ಕಣ್ಣಿಲೆ ನೋಡೂಣಂತ ಬಂದಿದ್ದೆ. ನೀವು ಹೇಳದಿದ್ರ ಹಾಳುಬಾವಿಗೆ ಬೀಳ್ತಿದ್ದೆ. ಇನ್ನೊಂದಿಷ್ಟು ವರ್ಷ ಇರ್ರಿ ಅಂತ ಶಾಲಿಯವರು ಹೇಳ್ತಾನ ಇದ್ರು. ಇದ್ದುಬಿಡ್ತೀನಿ."

"ಮತ್ತ ನನ್ನ ಕೆಲಸ?"

"ನಾ ಆ ಕುರ್ಚಿ ಬಿಟ್ಟು ಎದ್ರ ಅಲ್ರಿ ನಿಮಗ ಜಾಗ?" ಗಂಗಪ್ಪನ ದನಿಯಲ್ಲಿ ನಿಜವಾದ ಕನಿಕರವಿತ್ತು. ಬಸ್ಸು ಹೊರಟಿತು.

ಬರಿಗಾಲಲ್ಲಿ ಹಾಲೇಶಪ್ಪ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಜಂಬಕ್ಕ ಆಫ್ರಿಕಾದ ಮನೆಯನ್ನು ಗುಡಿಸುತ್ತಿದ್ದಳು. ಅವನನ್ನು ನೋಡಿ ಏನೂ ಕೇಳಲಿಲ್ಲ. ಅದೇ ಅವನಿಗೆ ಹೆದರಿಕೆ ತಂದಿತು. ಅವಳು ಏನೂ ಕೇಳದೆ ಇದ್ದದ್ದನ್ನು ಅವನು ಈವರೆಗೆ ಕಂಡಿರಲಿಲ್ಲ. ಕೊಟ್ರಬಸಪ್ಪನೂ ಹೊರಸು ಹೊತ್ತುಕೊಂಡು ಮಾತಿಲ್ಲದೆ ಒಳಗೆ ಹೋದ. ಆಗ ಹಾಲೇಶಪ್ಪನಿಗೆ ಹೊಳೆಯಿತು. ಹಿತ್ತಲಿನ ಬಾವಿಗೂ ಜಂಬಕ್ಕನ ಗೋಡೆಗೂ ನಡುವೆ ಒಂದು ಮಾರು ದೂರವೂ ಇಲ್ಲ.

ಒಳಗೆ ಹೆಂಡತಿ ಪಂಪಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಚಟಪಟ ಸಿಡಿಯಿತು.

ಎಡಗಡೆಯ ಗೋಡೆಯಾಚೆಯಿಂದ ಒಂದು ಸೀನು ಬಂತು. ಬಲಗಡೆಯಿಂದ, ತುಸು ತಡೆದು, ಬಿಡಿಸಿ ಬಿಡಿಸಿ, ಎರಡು.