ಹಾಲುಕ್ಕುವ ಮೊದಲೇ ಬೀಗದ ಕೈ

ಅವರೆಕಾಳು ಹಿಸುಕಲು ಕೂತರೆ ನನಗೆ ದೇವರನಾಮ ಬಾಯಿಗೆ ಬರುತ್ತದೆ, ಗಂಡನ ಮೇಲಿನ ಸಿಟ್ಟು ಬೆರಳಿಗೆ ಬರುತ್ತದೆ. ಎರಡೂ ಕೂಡಿದರೆ ಕೆಲಸ ಬೇಗ ಸಾಗುತ್ತದೆ. ಭಗವಂತ ಮಾಡಿಕೊಟ್ಟ ಸಣ್ಣ ಅನುಕೂಲ. ಮೊನ್ನೆ ಹಾಗೆ ಕೂತಿದ್ದಾಗ ನಮ್ಮ ಯಜಮಾನರು ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು, "ವೆಬ್‌ಸೈಟು ಹೊಸ ಕಡೆಗೆ ಶಿಫ್ಟ್ ಆಯ್ತು ಕಣೆ" ಎಂದರು.

ನಿವೃತ್ತರಾದ ಮೇಲೆ ಅವರೇ ಕಟ್ಟಿದ ವೆಬ್‌ಸೈಟು. ಅದರಲ್ಲಿ ಕುಣಿಯುವುದು, ಮಿನುಗುವುದು ಏನೂ ಇಲ್ಲ. ತೀರಿಕೊಂಡ ನಮ್ಮತ್ತೆಯವರ ಒಂದು ಫೋಟೊ, ಅವರು ಹೇಳುತ್ತಿದ್ದ ಆರತಿ ಹಾಡು, ಹಸೆಹಾಡುಗಳು, ಅಷ್ಟೆ. ಶುಕ್ರವಾರದ ಆರತಿಗೆ ನಾನು ಮೊಬೈಲಿನಲ್ಲಿ ಅದನ್ನೇ ನೋಡಿಕೊಂಡು ಹಾಡುವುದು. ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಹಳೆಯ ಕಂಪನಿಯಲ್ಲಿ ಅದು ನಿಧಾನವಾಗಿ ತೆರೆಯುತ್ತದೆಂದು ಇವರಿಗೆ ಬೇಸರ. ಸ್ನಾನಕ್ಕೆ ಮುಕ್ಕಾಲು ಗಂಟೆ ಹಿಡಿಯುವ ಮನುಷ್ಯನಿಗೆ.

ನೋಡಿದೆ. ಅತ್ತೆಯ ಫೋಟೊ ಇತ್ತು, ಹಾಡುಗಳ ಪಟ್ಟಿಯೂ ಇತ್ತು. ಯಾವುದನ್ನು ಒತ್ತಿದರೂ ಹಾಡು ಮಾತ್ರ ಇಲ್ಲ.

"ಹಳೇ ಕಡೆಯಿಂದ ಇನ್ನೊಂದ್ಸಲ ತನ್ನಿ."

"ಅದನ್ನ ಬೆಳಿಗ್ಗೇನೇ ಅಳಿಸ್ಬಿಟ್ಟೆ."

"ಹೊಸ ಮನೇಲಿ ಹಾಲುಕ್ಕಿಸೋ ಮೊದ್ಲೇ ಯಾರಾದ್ರೂ ಹಳೇ ಮನೆ ಬೀಗದ ಕೈ ಕೊಟ್ಬಿಡ್ತಾರೇನ್ರೀ?"

ಸಿದ್ದಾಪುರದಿಂದ ಜೆ.ಪಿ. ನಗರಕ್ಕೆ ಬರುವಾಗಲೂ ಒರಳು ತಂದು ಗುಂಡುಕಲ್ಲು ಬಿಟ್ಟುಬಂದವರು ಇವರು. ಆ ಒರಳಿನಲ್ಲಿ ಈಗ ದೊಡ್ಡಪತ್ರೆ ಬೆಳೆದಿದೆ. ಅದನ್ನೂ ಹೇಳಿದೆ. ಇನ್ನೂ ಹೇಳುವುದಿತ್ತು, ಅಷ್ಟರಲ್ಲಿ ಅವರು ಮೆಲ್ಲಗೆ, "ಅಮ್ಮನ ಹಾಡಿನ ಪುಸ್ತಕ ಕೊಡು, ಮತ್ತೆ ಟೈಪ್ ಮಾಡ್ತೀನಿ" ಎಂದರು.

ಹೋದ ದೀಪಾವಳಿಗೆ ಮನೆ ಗುಡಿಸುವಾಗ, ಎಲ್ಲಾ ನೆಟ್ಟಿನಲ್ಲಿದೆಯಲ್ಲ ಎಂದು ಆ ಅರಿಸಿನ ಹತ್ತಿದ ಪುಸ್ತಕವನ್ನು ಹಳೇ ಪೇಪರಿನವನಿಗೆ ಹಾಕಿದ್ದೆ.

ಚಿಕ್ಕಲಸಂದ್ರದ ನಾದಿನಿಗೆ ಫೋನ್ ಮಾಡಿದೆ. ವೆಬ್‌ಸೈಟಿನ ಹಾಡುಗಳಷ್ಟನ್ನೂ ಪ್ರಿಂಟ್ ತೆಗೆಸಿ ಬೈಂಡು ಮಾಡಿಸಿದ್ದಾಳೆಂದು ಹಿಂದೆ ಅವಳನ್ನು ಆಡಿಕೊಂಡು ನಕ್ಕವಳು ನಾನೇ.

"ಇದೆ ಅತ್ತಿಗೆ, ದೇವರ ಮುಂದೇನೇ ಇಟ್ಟಿದೀನಿ. ಆದ್ರೆ ಅಮ್ಮನ ಪುಸ್ತಕ ನಿಮ್ಹತ್ರಾನೇ ಇದ್ಯಲ್ಲ?"

"ಕೈಗೆ ಸಿಕ್ತಿಲ್ಲ ಕಣೆ" ಎಂದೆ. ದೇವರನಾಮ ಹೇಳುವ ಅದೇ ಬಾಯಿ.

ಯಜಮಾನರು ಪ್ರಿಂಟು ತರಲು ಹೊರಟರು. ನಾನು ಮತ್ತೆ ಅವರೆಕಾಳಿನ ಮುಂದೆ ಕೂತೆ. ಸಿಪ್ಪೆ ಚೆಲ್ಲುವ ಮೊದಲು, ಯಾಕೋ, ಒಮ್ಮೆ ಕೈಯಾಡಿಸಿ ನೋಡಿದೆ. ಒಂದು ಹಿಡಿ ಬೇಳೆ ಸಿಕ್ಕಿತು.