ಸಂಗೀತ ವಿಭಾಗಕ್ಕೆ ಹನ್ನೆರಡು ಜನ ಬೇಕಾಗಿದ್ದಾರೆ

ಸಂಗೀತದ ಮೇಷ್ಟ್ರು ಅಂದರೆ ಕಣ್ಣು ಮುಚ್ಚಿ ತೊಡೆ ತಟ್ಟುತ್ತಾ ಕೂತಿರುವ ಸಾಧು ಪ್ರಾಣಿ ಅಂತ ಜನ ತಿಳಿದಿದ್ದಾರೆ. ನನ್ನ ವಿಷಯದಲ್ಲಿ ಅದು ಸುಳ್ಳು. ವಿಶ್ವವಿದ್ಯಾನಿಲಯದ ಸಂಗೀತ ವಿಭಾಗಕ್ಕೆ ಮುಖ್ಯಸ್ಥನಾದ ದಿನದಿಂದ ನಾನು ಶ್ರುತಿ ಸೇರಿಸೋಕೆ ಕೂತಾಗಲೆಲ್ಲ ಏನಾದರೊಂದು ಎಡವಟ್ಟು ನನಗಿಂತ ಮೊದಲೇ ಬಂದು ಜಮಖಾನದ ಮೇಲೆ ಕೂತಿರುತ್ತಿತ್ತು.

ಆಗ ಮಹಾರಾಜರ ಕಾಲ. ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಉಪಕುಲಪತಿಗಳು ನನ್ನನ್ನು ಕರೆಸಿ ಹೇಳಿದರು: "ಸಂಗೀತ ಅರಮನೆಗೆ ಸರಿ, ನಮಗ್ಯಾಕೆ ಅಂತ ಸಮಿತಿಯಲ್ಲಿ ಅರ್ಧ ಜನ ಕೇಳ್ತಿದ್ದಾರೆ. ಒಂದು ವರ್ಷ ಕೊಡ್ತೀನಿ. ಹನ್ನೆರಡು ಜನ ವಿದ್ಯಾರ್ಥಿಗಳು ಬೇಕು, ಅದರಲ್ಲಿ ಅರ್ಧ ಹಳ್ಳಿ ಕಡೆಯವರಿರಬೇಕು. ಆಗಲಿಲ್ಲ ಅಂದ್ರೆ ವಿಭಾಗ ಮುಚ್ಚಿಹೋಗುತ್ತೆ, ನೀವು ನಿಮ್ಮೂರಿಗೆ ಹೋಗಬೇಕಾಗುತ್ತೆ."

ನಮ್ಮೂರು ಮಧುಗಿರಿ. "ಹಾಗಾದ್ರೆ ನಾಳೆಯೇ ಹೊರಡ್ತೀನಿ ಸಾರ್" ಅಂದೆ. ಅವರು ಗಾಬರಿಯಾದರು. "ರಾಜೀನಾಮೆ ಅಲ್ಲ ಸಾರ್, ವಿದ್ಯಾರ್ಥಿಗಳನ್ನ ಹಿಡ್ಕೊಂಡು ಬರೋಕೆ!" ಅಂದ ಮೇಲೆ ಕುರ್ಚಿಗೆ ಒರಗಿದರು. ನನಗಂತೂ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ನಾದ ಇರುವ ಸಾಮಾನು

ಹೊರಡುವ ಮೊದಲು ವಾದ್ಯಗಳಿಗೆ ಬೇಡಿಕೆ ಪಟ್ಟಿ ಬರೆದುಕೊಟ್ಟೆ. "ಉತ್ತಮ ನಾದವುಳ್ಳ ತಂಬೂರಿ ಎರಡು, ಶ್ರುತಿಪೆಟ್ಟಿಗೆ ಒಂದು." ಬರೆದದ್ದು ಉತ್ಸಾಹದಲ್ಲಿ, ನನ್ನ ಅಕ್ಷರ ಮೊದಲೇ ಕೋಳಿಕಾಲು.

ಎರಡು ದಿನ ಬಿಟ್ಟು ಉಗ್ರಾಣದ ಗುಮಾಸ್ತ ಬೆವರು ಸುರಿಸುತ್ತಾ ಬಂದ. ತಲೆಯ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಕೈಯಲ್ಲಿ ಎರಡು ಹಿತ್ತಾಳೆ ತಂಬಿಗೆ.

"ಇದೇನಪ್ಪಾ?"

"ತಂಬಿಗೆ ಎರಡು ಅಂತ ಬರೆದಿದ್ರಲ್ಲ ಸಾರ್. ನಾದ ಇರಬೇಕು ಅಂತ ಬೇರೆ ಇತ್ತು. ಅಂಗಡೀಲಿ ಇದ್ದ ನಲವತ್ತನ್ನೂ ತಟ್ಟಿ ನೋಡಿ ಆರಿಸಿದ್ದೀನಿ."

"ಮತ್ತೆ ಈ ಪೆಟ್ಟಿಗೆ?"

"ಶ್ರುತಿ ಅನ್ನೋ ಕಂಪನೀದು ಸಿಗಲಿಲ್ಲ ಸಾರ್. ಇದೂ ಗಟ್ಟಿಯಾಗಿದೆ."

ನನಗೆ ರೇಗಿತು. ಅಷ್ಟರಲ್ಲಿ ನಮ್ಮ ವಿಭಾಗದಲ್ಲಿ ನನ್ನನ್ನು ಬಿಟ್ಟರೆ ಇದ್ದ ಒಬ್ಬರೇ ಮೇಷ್ಟ್ರು, ಮೃದಂಗದವರು, ತಂಬಿಗೆಗಳನ್ನು ಕವುಚಿ ಹಾಕಿ ಬೆರಳಲ್ಲಿ ಬಾರಿಸಿ ನೋಡಿದರು. ಮತ್ತೆ ಬಾರಿಸಿದರು. ಅವರ ಕಣ್ಣು ಅಗಲವಾಯಿತು.

"ರೀ, ಎರಡೂ ಒಂದೇ ಶ್ರುತಿ ಕಣ್ರೀ! ಕೂದಲೆಳೆ ವ್ಯತ್ಯಾಸ ಇಲ್ಲ. ಈ ಮಹಾರಾಯನ ಕಿವಿ ನೋಡಿ!"

ಗುಮಾಸ್ತನನ್ನು ಕೂರಿಸಿ ಸ ಪ ಸ ಹೇಳಿಸಿದೆ. ಬಂಗಾರದಂಥ ಕಂಠ! ತಂಬಿಗೆಗಳು ಉಗ್ರಾಣಕ್ಕೆ ವಾಪಸು ಹೋದವು, ತಂದವನು ಹೋಗಲಿಲ್ಲ. ನಮ್ಮ ವಿಭಾಗದ ಮೊಟ್ಟಮೊದಲ ವಿದ್ಯಾರ್ಥಿ ಅವನೇ.

ಖಾಲಿ ಹೊಟ್ಟೆ

ಮಧುಗಿರಿ ಮನೆಯಲ್ಲಿ ನನ್ನ ಹಳೆಯ ತಂಬೂರಿ ಇತ್ತು. ಬುರುಡೆ ಸೀಳಿ ದನಿ ಕೆಟ್ಟಿತ್ತು. ಅದನ್ನು ರಿಪೇರಿ ಮಾಡಬಲ್ಲವರು ಶಿರಾದಲ್ಲಿ ಒಬ್ಬರು ಸಾಹೇಬರಿದ್ದರು. ಪೆಟ್ಟು ಬೀಳದಿರಲಿ ಅಂತ ಹೆಂಡತಿಯ ಹಳೇ ಸೀರೆ ಸುತ್ತಿ, ಮೇಲೊಂದು ಕಂಬಳಿ ಹೊದಿಸಿ, ನಾನೂ ಮೃದಂಗದವರೂ ಶಿರಾ ಬಸ್ಸು ಹತ್ತಿದೆವು. ತಂಬೂರಿಯ ತಲೆ ಅವರ ಭುಜದ ಮೇಲೆ, ಬುರುಡೆ ನನ್ನ ತೊಡೆಯ ಮೇಲೆ.

ಪಕ್ಕದಲ್ಲಿ ಹುಲಿಕುಂಟೆ ಕಡೆಯ ಒಬ್ಬ ಯಜಮಾನ, ಕುರಿ ಮಾರಿಕೊಂಡು ಹೊರಟವನು. ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೇಳಿದ: "ಯಾರು ಸಾಮಿ, ತಾಯೇರಾ?"

ಮೃದಂಗದವರು ಸಂಗೀತದ ಬಗ್ಗೆ ಯಾರು ಏನು ಕೇಳಿದರೂ ಭಕ್ತಿಯಿಂದ ಉತ್ತರ ಕೊಡುವ ಮನುಷ್ಯ. "ನಮ್ಮ ಪಾಲಿಗೆ ತಾಯಿಯೇ ಅನ್ನಿ" ಅಂದರು.

"ಏನಾಗೈತೆ?"

"ದನಿ ಕೆಟ್ಟಿದೆ. ಶಿರಾ ಸಾಹೇಬರು ಒಬ್ಬರೇ ಸರಿಮಾಡೋರು."

"ಅಯ್ಯೋ ಶಿವನೇ. ಹೊಟ್ಟೆಗೆ ಏನಾರ ತಗಂತಾರಾ?"

"ಹೊಟ್ಟೆ ಖಾಲಿ. ಖಾಲಿ ಇದ್ರೇನೇ ದನಿ ಬರೋದು."

"ಎಷ್ಟು ದಿನದಿಂದ ಇಂಗೆ?"

"ಹುಟ್ಟಿದಾಗಿನಿಂದ!"

ಯಜಮಾನ ತಟಕ್ಕನೆ ಎದ್ದುಬಿಟ್ಟ. "ಏಳ್ರಲಾ, ಏಳ್ರಲಾ! ಆಯಮ್ಮ ಕಾಲು ಚಾಚ್ಕಳ್ಲಿ" ಅಂತ ಹಿಂದಿನ ಸೀಟಿನವರನ್ನೂ ಎಬ್ಬಿಸಿದ. ನಾನು ಬಾಯಿ ಬಿಡುವಷ್ಟರಲ್ಲಿ ಇಡೀ ಬಸ್ಸು ಎದ್ದು ನಿಂತಿತ್ತು, ತಂಬೂರಿ ಉದ್ದಕ್ಕೆ ಮಲಗಿತ್ತು. ಇಷ್ಟು ಮರ್ಯಾದೆ ನೋಡಿದ ಮೇಲೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.

ಯಜಮಾನ ಶಿರಾದಲ್ಲಿ ಬಿಡಲಿಲ್ಲ. ಸಾಹೇಬರ ಮನೆತನಕ ತಾನೇ ಒಂದು ಕಡೆ ಹಿಡಿದುಕೊಂಡು ಬಂದ. ಸಾಹೇಬರು ಕಂಬಳಿ ತೆಗೆದರು, ಸೀರೆ ತೆಗೆದರು. ಯಜಮಾನನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಈ ಸೋರೆ ಬುರುಡೆಗಾ ನಾನು ಶಿರಾಗಂಟ ನಿಂತ್ಕಂಡು ಬಂದಿದ್ದು?"

"ಬೈಠೋ ಭಾಯ್, ಕೂತ್ಕೊಳ್ಳಿ" ಅಂದರು ಸಾಹೇಬರು. ಅಂಟು ಹಾಕಿ, ಒಣಗಿಸಿ, ತಂತಿ ಬಿಗಿದು ಮೀಟುವ ಹೊತ್ತಿಗೆ ಸಂಜೆ. ಅಲ್ಲಿಯವರೆಗೂ ಆತ ಸಿಟ್ಟಿನಲ್ಲಿ ಬಾಗಿಲಲ್ಲೇ ಕೂತಿದ್ದ. ಆ ನಾದ ಎದ್ದಿತು ನೋಡಿ, ಕೋಣೆ ತುಂಬ ಹರಡಿತು. ಯಜಮಾನ ಎದ್ದು ಬಂದು ಬುರುಡೆಯ ಮೇಲೆ ಕೈಯಿಟ್ಟು ನೋಡಿ ನಿಟ್ಟುಸಿರು ಬಿಟ್ಟ.

"ಆಯಮ್ಮ ಹುಷಾರಾದ್ಳು ಬುಡಿ."

ಆಮೇಲೆ ತನ್ನ ತಂಗಿಯ ಮಗನನ್ನೂ ಅವನ ಗೆಳೆಯನನ್ನೂ ನಮ್ಮ ವಿಭಾಗಕ್ಕೆ ಕಳಿಸಿದವನೂ ಅವನೇ.

ಪಾವಗಡದ ಪಾಡು

ನನಗೆ ತೆಲುಗು ಕೀರ್ತನೆಗಳು ನೂರಾರು ಬರುತ್ತವೆ. ತೆಲುಗಿನಲ್ಲಿ ಒಂದು ಲೋಟ ನೀರು ಕೇಳೋಕೆ ಮಾತ್ರ ಬರುವುದಿಲ್ಲ. ಪಾವಗಡದಲ್ಲಿ ಒಂದು ಮನೆಯ ಹುಡುಗಿ ಬಹಳ ಚೆನ್ನಾಗಿ ಹಾಡುತ್ತಾಳೆ ಅಂತ ಕೇಳಿ ಹೋದೆ. ಜಗಲಿಯ ಮೇಲೆ ಅವಳ ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಮನೆಮಾತು ತೆಲುಗು. ಅವರ ಭಾಷೆಯಲ್ಲೇ ಮಾತಾಡಿದರೆ ಸಂತೋಷಪಡುತ್ತಾರೆ ಅಂತ ದಾರಿಯುದ್ದಕ್ಕೂ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. "ಪಾಡುತುಂದಾ" ಅಂದರೆ ಹಾಡುತ್ತಾಳಾ ಅಂತ. ಅಷ್ಟನ್ನೇ ಕೇಳಿದ್ದರೆ ಆಗುತ್ತಿತ್ತು. ಗೌರವಕ್ಕೆ ಸ್ವಲ್ಪ ಉದ್ದ ಇರಲಿ ಅಂತ ನನ್ನ ಬುದ್ಧಿ ಓಡಿಸಿದೆ.

"ಅಮ್ಮಾ, ಮೀ ಮನವರಾಲು ಬಾಗಾ ಪಾಡೈಪೋತುಂದಾ?"

ಅಜ್ಜಿಯ ಕೈಲಿದ್ದ ಹುಣಸೆಹಣ್ಣು ಜಾರಿತು. ನಾನು ಕೇಳಿದ್ದು, ನಿಮ್ಮ ಮೊಮ್ಮಗಳು ಚೆನ್ನಾಗಿ ಕೆಟ್ಟುಹೋಗುತ್ತಾಳಾ ಅಂತ! ನನಗೇನು ಗೊತ್ತು, ನಗುತ್ತಾ ನಿಂತಿದ್ದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ವೆಂಟ ಪಂಪಿತೇ ತಪ್ಪಕುಂಡಾ ಪಾಡೈಪೋತುಂದಿ!" ಅಂದರು. ನಿನ್ನ ಜೊತೆ ಕಳಿಸಿದರೆ ಖಂಡಿತ ಕೆಟ್ಟುಹೋಗುತ್ತಾಳೆ.

ತಪ್ಪಕುಂಡಾ ಅಂದರೆ ಖಂಡಿತ ಅಂತ ಕೀರ್ತನೆಗಳಿಂದ ನನಗೆ ಗೊತ್ತಿತ್ತು. ಆನಂದದಿಂದ ಕೈ ಮುಗಿದು, "ಬಹಳ ಸಂತೋಷ ತಾಯಿ, ಅಂಥವರೇ ನಮಗೆ ಬೇಕಾಗಿರೋದು" ಅಂದುಬಿಟ್ಟೆ.

ಒಳಗಿಂದ ಒಂದು ನಗು ಬಂತು. ಮೇಲಿನ ಷಡ್ಜದಲ್ಲಿ ಹೊರಟು ಕೆಳಗಿನ ಷಡ್ಜದವರೆಗೆ ಒಂದು ಸ್ವರವನ್ನೂ ಬಿಡದೆ ಇಳಿದ ನಗು! ಪರೀಕ್ಷೆ ಬೇರೆ ಯಾಕೆ? ಆ ನಗುವಿಗೇ ಸೀಟು ಕೊಟ್ಟೆ. ಹುಡುಗಿ ಹೊರಗೆ ಬಂದು ನನ್ನ ತೆಲುಗನ್ನು ಬಿಡಿಸಿ ಹೇಳಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ಒಪ್ಪಿದರು, ಆದರೆ ಕಾವಲಿಗೆ ತಾನೂ ಬರುತ್ತೇನೆ ಅಂತ ಷರತ್ತು ಹಾಕಿ.

ಬಂದರು. ದಿನಾ ತರಗತಿಯ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಪಾಠ ಶುರುಮಾಡುವ ಮೊದಲೇ ಮೂಲೆಯಿಂದ ವರ್ಣದ ಎರಡು ಸಾಲು ಸೊಗಸಾಗಿ ಕೇಳಿಬಂತು. ತಿರುಗಿ ನೋಡಿದೆ. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡರು.

"ನೇನೂ ಪಾಡೈಪೋಯಾನಯ್ಯಾ." ನಾನೂ ಕೆಟ್ಟುಹೋದೆನಪ್ಪಾ!

ಗುರುಗಳ ಪ್ರಮಾಣಪತ್ರ

ಐ.ಡಿ.ಹಳ್ಳಿಯಲ್ಲಿ ಬೆಳಗಿನ ಜಾವ ಒಂದು ಮನೆಯ ಮುಂದೆ ಹಾದುಹೋಗುವಾಗ ರಾಗಿ ಬೀಸುವ ಹಾಡು ಕೇಳಿಸಿತು. ಯಾವ ರಾಗ ಅಂತ ಗುರುತು ಸಿಗದೆ ಬೀದಿಯಲ್ಲೇ ನಿಂತುಬಿಟ್ಟೆ. ಇಂಥ ಹಾಡು ವಿಶ್ವವಿದ್ಯಾನಿಲಯದಲ್ಲಿ ಇರದೆ ಇನ್ನೆಲ್ಲಿರಬೇಕು! ಒಳಗಿದ್ದದ್ದು ಒಬ್ಬ ಅಜ್ಜಿ. ಒಂದು ತಿಂಗಳು ಬಂದು ನಮ್ಮವರಿಗೆ ಕಲಿಸಿ ಅಂತ ಬೇಡಿಕೊಂಡೆ. ಅವಳು ಒಪ್ಪಿದಳು. ಅರ್ಜಿ ಫಾರಂ ತೆಗೆದೆ.

"ನಿಮ್ಮ ಗುರು ಯಾರು ಅಜ್ಜಿ?"

"ಗುರು ಯಾರು ಸಾಮಿ? ನಮ್ಮವ್ವ ನಾನು ಸಣ್ಣೋಳಿದ್ದಾಗ್ಲೇ ಹೋಗ್ಬುಟ್ಲು. ಈ ಕಲ್ಲು ಮುಂದೆ ಕುಂತ್ಕಂಡು ಕಲ್ತೆ. ಬರ್ಕಳಿ, ರಾಗಿಕಲ್ಲು."

ಎಂಥ ಮಾತು! ಮೈ ಜುಮ್ಮೆಂದಿತು. ಅದೇ ಉತ್ಸಾಹದಲ್ಲಿ 'ಗುರುವಿನ ಹೆಸರು: ರಾಗಿಕಲ್ಲು' ಅಂತ ಬರೆದು ಕಚೇರಿಗೆ ಕಳಿಸಿದೆ.

ಕಚೇರಿಯವರು ನೇರವಾಗಿ ಐ.ಡಿ.ಹಳ್ಳಿಗೇ ಕಾಗದ ಹಾಕಿದರು. ಟಪಾಲಿನವನು ಬಂದು, "ಅಜ್ಜೀ, ನಿನ್ ಕಲ್ಲಿಗೆ ಸರ್ಕಾರದಿಂದ ಕಾಗ್ದ ಬಂದೈತೆ" ಅಂದನಂತೆ. ಮೇಲೆ 'ಶ್ರೀಮಾನ್ ರಾಗಿಕಲ್ಲು ಅವರಿಗೆ' ಅಂತ ವಿಳಾಸ. ಒಳಗೆ, 'ತಾವು ಸದರಿ ಮಹಿಳೆಗೆ ಎಷ್ಟು ವರ್ಷ ಪಾಠ ಹೇಳಿರುತ್ತೀರಿ, ತಮ್ಮ ನಡತೆ ಎಂಥದು, ಗ್ರಾಮದ ಶ್ಯಾನುಭೋಗರ ಮೂಲಕ ತಿಳಿಸತಕ್ಕದ್ದು.'

ಊರಿನ ಶ್ಯಾನುಭೋಗರು ತಮಾಷೆ ಮನುಷ್ಯ. ಹೀಗೆ ಉತ್ತರ ಬರೆದರು: 'ಸದರಿ ರಾಗಿಕಲ್ಲು ಅವರು ಮೂರು ತಲೆಮಾರಿನಿಂದ ಇದೇ ಗ್ರಾಮದಲ್ಲಿ ವಾಸವಾಗಿರುತ್ತಾರೆ. ನಡತೆ ಉತ್ತಮ. ಕೂತ ಕಡೆಯಿಂದ ಏಳದೆ ಕೆಲಸ ಮಾಡುವ ಸ್ವಭಾವ. ಸ್ವಲ್ಪ ಒರಟು. ಸಹಿ ಹಾಕಲು ಬರುವುದಿಲ್ಲ.'

ಕಚೇರಿಗೆ ತೃಪ್ತಿಯಾಯಿತು. ನೇಮಕದ ಆದೇಶ ಬಂತು. ಕೊನೆಯಲ್ಲಿ, 'ಗುರುಗಳೂ ಜೊತೆಯಲ್ಲಿ ದಯಮಾಡಿಸಿದಲ್ಲಿ ಕುರ್ಚಿಯ ಏರ್ಪಾಡು ಮಾಡಲಾಗುವುದು' ಅಂತ ಬೇರೆ ಇತ್ತು.

ಅಜ್ಜಿ ಬಂದಳು. ಗುರುಗಳೂ ಬಂದರು, ರೈಲಿನ ಲಗೇಜು ಡಬ್ಬಿಯಲ್ಲಿ. "ಕಲ್ಲಿಲ್ದೆ ನಂಗೆ ಹಾಡು ಬಾಯಿಗೇ ಬರಾಕಿಲ್ಲ ಸಾಮಿ" ಅಂದಳು. ಕಚೇರಿಯ ಜವಾನರು ಆದೇಶದಲ್ಲಿ ಬರೆದಂತೆ ಗುರುಗಳನ್ನು ನಾಲ್ಕು ಜನ ಎತ್ತಿ ಕುರ್ಚಿಯ ಮೇಲೆ ಕೂರಿಸಿದರು. ಗುರುಗಳಿಗೆ ಏನೂ ಆಗಲಿಲ್ಲ. ಕುರ್ಚಿ ಮಾತ್ರ ಉಳಿಯಲಿಲ್ಲ.

ಹೊಳವನಹಳ್ಳೀ, ಹೊಳವನಹಳ್ಳೀ

ಹೀಗೇ ಊರೂರು ಸುತ್ತಿ ಹನ್ನೊಂದು ಜನ ಆದರು. ಹನ್ನೆರಡನೆಯವನು ಸಿಕ್ಕಿದ್ದು ಕೊರಟಗೆರೆ ಬಸ್ಸು ನಿಲ್ಲುವ ಜಾಗದಲ್ಲಿ. ಬಸ್ಸಿಗೆ ಜನ ಕೂಗುವ ಏಜೆಂಟ, ಇಪ್ಪತ್ತೈದು ವರ್ಷದ ಮೀಸೆಯ ಆಳು. ಅವನು "ಹೊಳವನಹಳ್ಳೀ" ಅಂತ ಕೂಗಿದರೆ ಸಂತೆಮಾಳದ ಆಚೆ ಎಮ್ಮೆ ಮೇಯಿಸುವವರೂ ಗಂಟು ಎತ್ತಿಕೊಂಡು ಓಡಿಬರುತ್ತಿದ್ದರು. ಅಂಥ ತಾರಸ್ಥಾಯಿ ನಾನು ಆಸ್ಥಾನದಲ್ಲೂ ಕೇಳಿರಲಿಲ್ಲ. ಕೈ ಹಿಡಿದು ಕರಕೊಂಡು ಬಂದೆ. ಉಳಿದ ತಿಂಗಳುಗಳಲ್ಲಿ ಹಗಲೂ ರಾತ್ರಿ ಕಷ್ಟಪಟ್ಟು ಕಲಿತ.

ವರ್ಷದ ಕೊನೆಗೆ ವಿಭಾಗ ಇರಬೇಕೋ ಮುಚ್ಚಬೇಕೋ ಅಂತ ನೋಡಲು ಸಮಿತಿಯ ಅಧ್ಯಕ್ಷರು ಬಂದರು. ಗಣಿತದ ಪ್ರೊಫೆಸರು. ಸಂಗೀತ ಕೇಳಿದರೆ ತಲೆನೋವು ಬರುತ್ತೆ ಅನ್ನುತ್ತಿದ್ದವರು. "ಹನ್ನೆರಡು ಜನ ಆದ್ರು ಸರಿ, ಹಳ್ಳಿಯವರಿಗೆ ನಿಮ್ಮ ವಿಭಾಗದಿಂದ ಏನು ಉಪಯೋಗ? ಅಲ್ಲೇ ಹೋಗಿ ತೋರಿಸಿ" ಅಂದರು. ಕೊರಟಗೆರೆ ಶಾಲೆಯ ಹಾಲಿನಲ್ಲಿ ಮಧ್ಯಾಹ್ನ ಸಂಗೀತ ಕಚೇರಿ ಇಟ್ಟೆವು. ಸುತ್ತಲ ಹಳ್ಳಿಯವರೆಲ್ಲ ಬಂದು ತುಂಬಿದರು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತರು, ಮಡಿಲಲ್ಲಿ ಕೊಡೆ. ಜನಕ್ಕೂ ಅವರಿಗೂ ವಾಪಸು ಹೋಗಲು ಇದ್ದದ್ದು ಹೊಳವನಹಳ್ಳಿ ಮೇಲೆ ಹೋಗುವ ಒಂದೇ ಬಸ್ಸು. ಮುಚ್ಚಬೇಕೆಂಬ ಶಿಫಾರಸು ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದಾರೆ ಅಂತ ಗುಮಾಸ್ತ ನನ್ನ ಕಿವಿಯಲ್ಲಿ ಉಸುರಿದ.

ಕೊನೆಯದಾಗಿ ನಮ್ಮ ಮೀಸೆಯವನ ಹಾಡು. ಕಲ್ಯಾಣಿ ರಾಗ. ಏರುತ್ತಾ ಏರುತ್ತಾ ಹೋದ, ಜನ ಉಸಿರು ಬಿಗಿಹಿಡಿದರು. ಅಧ್ಯಕ್ಷರು ಮಾತ್ರ ಗಲ್ಲ ಎದೆಗೆ ಹಚ್ಚಿ ನಿದ್ದೆ. ಮೇಲಿನ ಷಡ್ಜ ಮುಟ್ಟಿದ. ಇನ್ನು ಸಾಹಿತ್ಯ ಎತ್ತಿಕೊಳ್ಳಬೇಕು. ಎತ್ತಿಕೊಳ್ಳಲಿಲ್ಲ. ನನ್ನ ಕಡೆ ನೋಡಿದ. ಆ ಕಣ್ಣು ನೋಡಿಯೇ ಗೊತ್ತಾಯಿತು, ಸಾಲು ಮರೆತಿದ್ದಾನೆ! ನಾನು ತುಟಿ ಅಲ್ಲಾಡಿಸುವಷ್ಟರಲ್ಲಿ ಅವನ ಬಾಯಿ ತನಗೆ ಗೊತ್ತಿದ್ದನ್ನು ಹೇಳಿಬಿಟ್ಟಿತು. ಶುದ್ಧ ಕಲ್ಯಾಣಿಯಲ್ಲಿ, ತಾಳ ತಪ್ಪದೆ:

"ಹೊಳವನಹಳ್ಳೀ... ಹೊಳವನಹಳ್ಳೀ... ಹೊಳವನಹಳ್ಳೀ!"

ಅಷ್ಟೇ, ಇಡೀ ಹಾಲು ಎದ್ದಿತು. "ಬಸ್ಸು ಬಂತು ಕಣ್ಲಾ!" "ಲೇ, ಗಂಟು ತಗಳೇ!" ಅಂತ ಹೆಂಗಸರು, ಗಂಡಸರು, ಮುದುಕರು ಬಾಗಿಲಿಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ, ಕೊಡೆ ಎತ್ತಿ ಹಿಡಿದು, "ಹೋಲ್ಡಾನ್! ಹೋಲ್ಡಾನ್!" ಅಂತ ಕಿರುಚುತ್ತಾ ಓಡುತ್ತಿದ್ದವರು ಸಮಿತಿಯ ಅಧ್ಯಕ್ಷರು.

ಹಾಲಿನಲ್ಲಿ ಉಳಿದದ್ದು ನಾವು ಮಾತ್ರ. ಮೃದಂಗದವರು ಕಣ್ಣು ಮುಚ್ಚಿ ಇನ್ನೂ ಬಾರಿಸುತ್ತಲೇ ಇದ್ದರು. ಮೀಸೆಯವನು ಮುಖ ಮುಚ್ಚಿಕೊಂಡು ಅಳುತ್ತಿದ್ದ. "ಕೆಡಿಸ್ಬುಟ್ಟೆ ಸಾಮಿ, ನಿಮ್ ವಿಭಾಗಾನೇ ಕೆಡಿಸ್ಬುಟ್ಟೆ." ಅವನ ಬೆನ್ನು ಸವರಿದೆ.

ಹೊರಗೆ ಬಸ್ಸೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾ ವಾಪಸು ಬಂದರು. ಕಡೆಗೆ ಅಧ್ಯಕ್ಷರು ಬಂದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ನೇರ ಮೀಸೆಯವನ ಮುಂದೆ ಬಂದು ನಿಂತರು.

"ಮೂವತ್ತು ವರ್ಷ ಪಾಠ ಹೇಳಿದ್ದೀನಿ ಕಣಯ್ಯಾ. ಗಂಟೆ ಹೊಡೆದರೂ ನನ್ನ ಕ್ಲಾಸಿನಲ್ಲಿ ಮಲಗಿದವರು ಎದ್ದಿಲ್ಲ. ನೀನು ನಿದ್ದೆಯಲ್ಲಿದ್ದ ನನ್ನನ್ನೇ ಓಡಿಸಿಬಿಟ್ಟೆಯಲ್ಲ!" ಅಂದು ನೆಲದ ಮೇಲೇ ಕೂತರು. "ಹೂಂ, ಮೊದಲಿಂದ ಹಾಡು. ಈ ಸಲ ಎಚ್ಚರವಾಗಿರ್ತೀನಿ."

ಜೇಬಿನ ಕಾಗದ ಅಲ್ಲೇ ಹರಿದುಹೋಯಿತು. ನಮ್ಮ ವಿಭಾಗವನ್ನು ಖಾಯಂ ಮಾಡಿದ ಹೊಸ ಶಿಫಾರಸಿನ ಮೊದಲ ವಾಕ್ಯ ನನಗೆ ಇವತ್ತಿಗೂ ಬಾಯಿಪಾಠ: 'ಸಂಗೀತಕ್ಕೆ ಜನಸಾಮಾನ್ಯರನ್ನು ಎಚ್ಚರಿಸಿ ಎಬ್ಬಿಸುವ ಶಕ್ತಿ ಇದೆಯೆಂಬುದನ್ನು ಅಧ್ಯಕ್ಷರು ಖುದ್ದಾಗಿ ಓಡಿ ಖಚಿತಪಡಿಸಿಕೊಂಡಿರುತ್ತಾರೆ.'