ಹದಿನೇಳು ಎಂದರೆ ಯಾರು?

ಕುರ್ಚಿಯ ಕಾಲು ಮುರಿದದ್ದೇ ನೆಪ. ಕಚೇರಿಯ ಪ್ರೋಗ್ರಾಮರ್, ಎಲ್ಲರ ಬಾಯಲ್ಲಿ 'ಜಾಗ್ರತೆರಾಯ', ಬೆಳಿಗ್ಗೆ ಕುಳಿತವನು ಕುಳಿತಂತೆಯೇ, ಮುಳುಗುವ ಹಡಗಿನ ಘನತೆಯಿಂದ ನೆಲಕ್ಕಿಳಿದ.

ಅಂದು ಅವನ ಪರೀಕ್ಷೆಯ ದಿನ. ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ನಿಂತು ಮಾತು ಮುಟ್ಟಿಸುವ ಲೈಬ್ರರಿಯೊಂದನ್ನು ಅವನು ವರ್ಷವಿಡೀ ಬರೆದಿದ್ದ. ಹಳೆಯ ಪ್ರೋಗ್ರಾಮಿನಲ್ಲಿ ನೌಕರನಿಗೂ ಕುರ್ಚಿಗೂ ಬರಿಯ ಅಂಕಿಯೇ ಗುರುತಿನ ಕೀಲಿ; ಒಂದರದು ಇನ್ನೊಂದಕ್ಕೂ ಹೊಂದುತ್ತಿತ್ತು. ಹೊಸದರಲ್ಲಿ ನೌಕರನ ಕೀಲಿಯ ಬಗೆಯೇ ಬೇರೆ, ಕುರ್ಚಿಯದೇ ಬೇರೆ. ಸಾಹೇಬರು ಮೆಚ್ಚಿದರೆ ಬಡ್ತಿ. ಬಡ್ತಿ ಆಗಿಯೇ ಹೋಯಿತೆಂದು ಅವನು ಮಾವನವರಿಗೆ ಮುಂಗಡವಾಗಿ ತಿಳಿಸಿಯೂ ಬಿಟ್ಟಿದ್ದ.

"ಅಂಕಿ ಸಾಕಾಗಿತ್ತಲ್ಲೋ, ಇಷ್ಟೊಂದು ಮಡಿ ಯಾಕೆ?" ಎಂದ ಪಕ್ಕದ ಮೇಜಿನ ಲೆಕ್ಕಿಗ.

"ಹಳೇದ್ರಲ್ಲಿ ಅಂಥ ಅಪಾಯ ಏನ್ರೀ ಇದೆ? ತೋರಿಸಿ ನೋಡೋಣ" ಎಂದರು ಸಾಹೇಬರು.

ಸ್ಟೋರು ನೋಡಿಕೊಳ್ಳುವ ಅಕ್ಕನಿಗೂ ಉತ್ಸಾಹ. "ಮುರಿದ ಕುರ್ಚಿ ಇದೆಯಲ್ಲಪ್ಪ, ನಂಬರು ಹದಿನೇಳು. ಅದನ್ನೇ ಪಟ್ಟಿಯಿಂದ ಅಳಿಸಿ ತೋರಿಸು."

"ನೋಡಿ ಸಾರ್, ಕುರ್ಚಿ ಅಂಕೀನ ನೌಕರರ ಪಟ್ಟಿಗೆ ಕೊಟ್ರೂ ಈ ಹಳೇದು ತುಟಿ ಪಿಟಕ್ ಅನ್ನಲ್ಲ" ಎಂದು ಜಾಗ್ರತೆರಾಯ ಗುಂಡಿ ಒತ್ತಿದ. ಅಭ್ಯಾಸದ ಪ್ರತಿಯೆಂದು ಅವನು ತೆರೆದದ್ದು ಅಸಲು ಪಟ್ಟಿಯನ್ನು.

ಅದು ತುಟಿ ಪಿಟಕ್ಕೆನ್ನಲಿಲ್ಲ. ನೌಕರ ಹದಿನೇಳು ಅಳಿಸಿಹೋದ.

"ಯಾರಪ್ಪಾ ಆ ಪುಣ್ಯಾತ್ಮ?" ಎಂದು ಲೆಕ್ಕಿಗ ಕೇಳಿದ. ಎಲ್ಲರ ಕಣ್ಣೂ ಜಾಗ್ರತೆರಾಯನ ಎದೆಯ ಬಿಲ್ಲೆಯ ಮೇಲೆ ಬಂದು ನಿಂತವು. ಹದಿನೇಳು.

"ನಿನ್ನ ಹೆಸರನ್ನ ವಾಪಸ್ ಹಾಕ್ಕೊಳ್ಳೋ ಮಾರಾಯ!" ಎಂದ ಲೆಕ್ಕಿಗ.

ಅವನು ತನ್ನ ಹೊಸ ಲೈಬ್ರರಿಯ ಮೊರೆಹೊಕ್ಕ. ನೌಕರನ ಕೀಲಿ ತೋರಿಸು ಎಂದಿತು ಅದು. ಆ ಕೀಲಿ ಸಿಗುವುದು ಪಟ್ಟಿಯಲ್ಲಿರುವ ನೌಕರನಿಗೆ ಮಾತ್ರ. ಎಷ್ಟು ಗೋಗರೆದರೂ ಹೆತ್ತವನ ಗುರುತು ಅದಕ್ಕೆ ಹತ್ತಲಿಲ್ಲ.

"ಭೇಷ್! ಸ್ವಂತ ಅಪ್ಪನಿಗೂ ಬಗ್ಗಲಿಲ್ಲ ನೋಡ್ರೀ! ಬಡ್ತಿ ಕೊಟ್ಟೆ!" ಸಾಹೇಬರು ಕುಣಿದಾಡಿ, ತಮಗೆ ರೂಢಿಯಿದ್ದ ಹಳೆಯ ಪ್ರೋಗ್ರಾಮಿನಲ್ಲಿ ಸ್ವಹಸ್ತದಿಂದ ಹದಿನೇಳಕ್ಕೆ ಬಡ್ತಿ ಬರೆದರು. ನೌಕರರಲ್ಲಿ ಹದಿನೇಳು ಕಾಣದೆ, ಆ ಉದಾರಿ ಪ್ರೋಗ್ರಾಮು ಕೈಗೆ ಸಿಕ್ಕ ಹದಿನೇಳಕ್ಕೇ ಅದನ್ನು ದಯಪಾಲಿಸಿತು.

ಸಂಜೆಯೊಳಗೆ ಬಡ್ತಿಯ ಆದೇಶ ಹಿಡಿದು ಬಡಗಿ ಬಂದ. ಮುರಿದ ಕಾಲು ಕೂಡಿತು, ಮೆತ್ತೆ ಬಂತು. ಹದಿನೇಳನೆಯ ಕುರ್ಚಿ ಮೇಲಿನ ಮಹಡಿಯ ಕ್ಯಾಬಿನ್ನಿಗೆ ಗಂಭೀರವಾಗಿ ಏರಿಹೋಯಿತು. ಹಿಂದೆಯೇ ಹೋದ ಜಾಗ್ರತೆರಾಯ ಬಾಗಿಲಲ್ಲಿ ಕೈಕಟ್ಟಿ ನಿಂತ. ಫೋನು ಗುಣುಗಿತು.

"ಅಳಿಯಂದ್ರೇ, ಕ್ಯಾಬಿನ್ ಬಂತಂತೆ? ನಾಳೆ ನೋಡೋಕೆ ಬರ್ಲಾ?"

"ತಾಳಿ ಮಾವ, ಮೇಲಿನವರನ್ನ ಕೇಳಿ ಹೇಳ್ತೀನಿ" ಎಂದು ಜಾಗ್ರತೆರಾಯ ಕುರ್ಚಿಯ ಕಡೆ ವಿನಯದಿಂದ ತಿರುಗಿದ.